ಖಾತೆ ಕೈ ಬದಲಾದಾಗ: ಪಪುವಾ ನ್ಯೂಗಿನಿಯ ಅನಿಲ ಯೋಜನೆಗಳು ಮತ್ತು ಅವುಗಳ ಹೂಡಿಕೆದಾರರು

2019ರ ಏಪ್ರಿಲ್ 9ರಂದು ಪಪುವಾ ನ್ಯೂಗಿನಿಯ ಪ್ರಧಾನಿ ಪೀಟರ್ ಓನೀಲ್ ಅವರ ಸರ್ಕಾರವು ಫ್ರಾನ್ಸಿನ ಟೋಟಲ್, ಅಮೆರಿಕದ ಎಕ್ಸಾನ್‌ಮೊಬಿಲ್ ಹಾಗೂ ಪಪುವಾ ನ್ಯೂಗಿನಿಯಲ್ಲೇ ಹುಟ್ಟಿ ಬೆಳೆದ ಆಯಿಲ್ ಸರ್ಚ್ ಕಂಪನಿಗಳೊಂದಿಗೆ ಪಪುವಾ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಯೋಜನೆಯ ಅನಿಲ ಒಪ್ಪಂದಕ್ಕೆ ಸಹಿ ಹಾಕಿತು. ಎರಡು ದಿನ ಕಳೆಯುವಷ್ಟರಲ್ಲಿ ಹಣಕಾಸು ಸಚಿವ ಜೇಮ್ಸ್ ಮರಾಪೆ ರಾಜೀನಾಮೆ ಕೊಟ್ಟು ಹೊರಬಂದರು. ಮೇ 30ರಂದು ಅದೇ ಮರಾಪೆ, ಸಂಸತ್ತಿನಲ್ಲಿ 101 ಮತಗಳನ್ನು ಪಡೆದು, ಎದುರು ಬಿದ್ದ ಕೇವಲ 8 ಮತಗಳ ಮುಂದೆ ಪ್ರಧಾನಿಯಾಗಿ ಆಯ್ಕೆಯಾದರು. ಜೂನ್ ತಿಂಗಳಲ್ಲಿ ಪೆಟ್ರೋಲಿಯಂ ಖಾತೆ ವಕೀಲ ವೃತ್ತಿಯಿಂದ ಬಂದ ಕೆರೆಂಗಾ ಕುವಾ ಅವರ ಕೈಗೆ ಹೋಯಿತು. ಏಪ್ರಿಲ್‌ನಲ್ಲಿ ಸಹಿಯಾದ ಒಪ್ಪಂದದ ಪಠ್ಯ ಹಾಗೆಯೇ ಇತ್ತು. ಅದನ್ನು ಜಾರಿಗೊಳಿಸಬೇಕಾದವರು ಮಾತ್ರ ಬೇರೆಯವರಾಗಿದ್ದರು.

ವಿದೇಶಿ ಅನಿಲ ಯೋಜನೆಗಳಲ್ಲಿ ಹಣ ತೊಡಗಿಸಿದವರಿಗೆ ರಾಜಕೀಯ ನೇಮಕಗಳು ಹೇಗೆ ತಟ್ಟುತ್ತವೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ. ಇಲ್ಲಿ ರಾಷ್ಟ್ರೀಕರಣ ನಡೆಯಲಿಲ್ಲ, ಯಾರ ಆಸ್ತಿಯೂ ಜಪ್ತಿಯಾಗಲಿಲ್ಲ, ಸಹಿಯಾದ ಒಪ್ಪಂದವನ್ನು ಯಾರೂ ಹರಿದೆಸೆಯಲಿಲ್ಲ. ಆದರೂ ಎರಡು ವರ್ಷಗಳ ಕಾಲಾವಧಿ ಕೈಜಾರಿತು, ಮತ್ತು ಆ ಎರಡು ವರ್ಷಗಳ ಬೆಲೆಯನ್ನು ಪಾಲುದಾರರೆಲ್ಲರೂ ಸಮನಾಗಿ ತೆರಲಿಲ್ಲ. ಸಚಿವರ ನೇಮಕವೊಂದು ಕರಾರನ್ನು ಮುರಿಯುವುದು ಅಪರೂಪ. ಸಾಮಾನ್ಯವಾಗಿ ಅದು ಕರಾರಿನ ಕಾಲವನ್ನು ಎಳೆಯುತ್ತದೆ, ಆ ಎಳೆತವನ್ನು ತಾಳುವ ಶಕ್ತಿ ಯಾರಿಗೆ ಕಡಿಮೆಯೋ ಅವರ ಮೇಲೆ ಭಾರ ಬೀಳುತ್ತದೆ ಎಂಬುದು ಈ ಪ್ರಕರಣವನ್ನು ಓದಿ ನಾನು ತಲುಪಿದ ನಿಲುವು.

ನೆಲ ಮತ್ತು ಅನಿಲ

ಪಪುವಾ ನ್ಯೂಗಿನಿಯಲ್ಲಿ ನೆಲದ ಬಹುಪಾಲು ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಆದರೆ ನೆಲದಡಿಯ ಪೆಟ್ರೋಲಿಯಂ ಕಾನೂನಿನ ಪ್ರಕಾರ ಸರ್ಕಾರದ್ದು. ಅಲ್ಲಿನ ಅನಿಲ ರಾಜಕೀಯದ ತಿಕ್ಕಾಟಗಳೆಲ್ಲ ಈ ಬಿರುಕಿನಲ್ಲೇ ಹುಟ್ಟುತ್ತವೆ. ಎಕ್ಸಾನ್‌ಮೊಬಿಲ್ ನೇತೃತ್ವದ ಮೊದಲ ಬೃಹತ್ ಯೋಜನೆಯಾದ ಪಿಎನ್‌ಜಿ ಎಲ್‌ಎನ್‌ಜಿಗೆ 2009ರ ಡಿಸೆಂಬರ್‌ನಲ್ಲಿ ಅಂತಿಮ ಹೂಡಿಕೆ ನಿರ್ಧಾರವಾಯಿತು. ಸುಮಾರು 19 ಶತಕೋಟಿ ಅಮೆರಿಕನ್ ಡಾಲರ್ ವೆಚ್ಚದಲ್ಲಿ ಅದು ಮುಗಿದು, 2014ರ ಮೇ ತಿಂಗಳಲ್ಲಿ ಮೊದಲ ಹಡಗು ಹೊರಟಿತು. ಹೇಲಾ ಪ್ರಾಂತ್ಯದ ಎತ್ತರದ ಬೆಟ್ಟಗಳಲ್ಲಿರುವ ಹೈಡ್ಸ್ ಬಾವಿಗಳಿಂದ ಪೋರ್ಟ್ ಮೋರ್ಸ್‌ಬಿ ಸಮೀಪದ ಕಡಲ ತೀರದ ಕಾರ್ಖಾನೆಗೆ 700 ಕಿಲೋಮೀಟರ್‌ಗೂ ಉದ್ದದ ಕೊಳವೆಮಾರ್ಗ ಹಾಯುತ್ತದೆ. ಹೈಡ್ಸ್ ಘಟಕದ ಭಾರೀ ಯಂತ್ರಗಳನ್ನು ರಸ್ತೆಯಲ್ಲಿ ಸಾಗಿಸಲಾಗದೆ, ಕೋಮೊ ಎಂಬಲ್ಲಿ ಮೂರು ಕಿಲೋಮೀಟರ್ ಮೀರಿದ ರನ್‌ವೇ ನಿರ್ಮಿಸಿ, ಆಂಟನೋವ್ ಸರಕು ವಿಮಾನಗಳಲ್ಲಿ ಅವುಗಳನ್ನು ಇಳಿಸಬೇಕಾಯಿತು. ಅಂತಹ ದುರ್ಗಮ ಜಾಗದಲ್ಲಿ ಯೋಜನೆಯನ್ನು ಅವಧಿಗೆ ಮುನ್ನವೇ ಮುಗಿಸಿದ್ದು ಎಂಜಿನಿಯರಿಂಗ್ ದೃಷ್ಟಿಯಿಂದ ನಿಜಕ್ಕೂ ದೊಡ್ಡ ಸಾಧನೆ.

ಹಣ ಹಂಚಿಕೆಯಲ್ಲಿ ಆ ಚುರುಕು ಕಾಣಲಿಲ್ಲ. ಬಾವಿಯ ಬಾಯಿಯಲ್ಲಿ ಲೆಕ್ಕ ಹಾಕಿದ ಮೌಲ್ಯದ ಶೇ 2ರಷ್ಟು ರಾಜಧನ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಯಾವ ಕುಲಕ್ಕೆ ಎಷ್ಟು ಪಾಲು ಎಂಬ ಪರಿಶೀಲನೆಯನ್ನು ಯೋಜನೆ ಶುರುವಾಗುವ ಮೊದಲೇ ಮುಗಿಸಬೇಕಿದ್ದ ಸರ್ಕಾರ ಅದನ್ನು ಮುಗಿಸಲಿಲ್ಲ. ಕಾರ್ಖಾನೆಯ ಸುತ್ತಲಿನ ಪಾಪಾ, ಲೇಯಲೇಯ, ಬೊಯೆರಾ, ಪೊರೆಬಾಡ ಎಂಬ ನಾಲ್ಕು ಕರಾವಳಿ ಹಳ್ಳಿಗಳಿಗೆ 2017ರಲ್ಲಿ ಹಣ ಬರತೊಡಗಿತು. ಅನಿಲ ಹುಟ್ಟುವ ಹೈಡ್ಸ್‌ನ ಕುಲಗಳು ಮಾತ್ರ ಹಡಗು ಹಡಗಾಗಿ ಅನಿಲ ಜಪಾನಿಗೆ, ಚೀನಾಕ್ಕೆ, ತೈವಾನಿಗೆ ಹೋಗುವುದನ್ನು ನೋಡುತ್ತ ಕಾದವು. 2016ರಲ್ಲಿ ಅಲ್ಲಿನ ಜನ ಹೈಡ್ಸ್ ಘಟಕದ ಗೇಟುಗಳಿಗೆ ಬೀಗ ಜಡಿದು ಪ್ರತಿಭಟಿಸಿದರು. ಜೇಮ್ಸ್ ಮರಾಪೆ ಅದೇ ಹೇಲಾ ಪ್ರಾಂತ್ಯದ ತಾರಿ-ಪೋರಿ ಕ್ಷೇತ್ರದ ಸಂಸದರು. 2019ರ ಅವರ ರಾಜೀನಾಮೆಯನ್ನು ಕುರ್ಚಿಯ ಆಸೆ ಎಂದಷ್ಟೇ ಓದುವವರು ಈ ಬೀಗ ಬಿದ್ದ ಗೇಟುಗಳನ್ನು ಮರೆತಿರುತ್ತಾರೆ. ಕುರ್ಚಿಯ ಆಸೆ ಇರಲಿಲ್ಲವೆಂದಲ್ಲ, ಆದರೆ ಮತದಾರರ ಕೋಪವೂ ಅಷ್ಟೇ ನಿಜವಾಗಿತ್ತು.

2014ರ ನೆರಳು

ಈ ಕಥೆಯ ಬೇರು 2014ರಲ್ಲಿದೆ. ಆ ವರ್ಷದ ಆರಂಭದಲ್ಲಿ ಆಯಿಲ್ ಸರ್ಚ್ ಕಂಪನಿಯು ಗಲ್ಫ್ ಪ್ರಾಂತ್ಯದ ಎಲ್ಕ್-ಆಂಟಲೋಪ್ ಅನಿಲ ನಿಕ್ಷೇಪದಲ್ಲಿ ಸುಮಾರು ಶೇ 22.8ರಷ್ಟು ಪಾಲನ್ನು 90 ಕೋಟಿ ಅಮೆರಿಕನ್ ಡಾಲರ್‌ಗೆ ಕೊಳ್ಳಲು ಮುಂದಾಯಿತು. ಮುಂದೆ ಪಪುವಾ ಎಲ್‌ಎನ್‌ಜಿ ಎಂದು ಹೆಸರಾದದ್ದು ಈ ನಿಕ್ಷೇಪವೇ. ಅದೇ ಸಮಯದಲ್ಲಿ ಸರ್ಕಾರ, ಹಿಂದೊಮ್ಮೆ ಅಬುಧಾಬಿಯ ಸಂಸ್ಥೆಯೊಂದರಿಂದ ಆಯಿಲ್ ಸರ್ಚ್ ಷೇರುಗಳನ್ನು ಒತ್ತೆಯಿಟ್ಟು ಎತ್ತಿದ ಸಾಲದ ಅವಧಿ ಮುಗಿದು, ಆ ಷೇರುಗಳನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿತ್ತು. ಕಂಪನಿಗೆ ಹಣ ಬೇಕಿತ್ತು, ಸರ್ಕಾರಕ್ಕೆ ಷೇರು ಬೇಕಿತ್ತು. ಸರ್ಕಾರವು ಯುಬಿಎಸ್ ಬ್ಯಾಂಕಿನಿಂದ ಸಾಲ ಪಡೆದು, ಷೇರೊಂದಕ್ಕೆ 8.20 ಆಸ್ಟ್ರೇಲಿಯನ್ ಡಾಲರ್‌ನಂತೆ ಸುಮಾರು 14.9 ಕೋಟಿ ಹೊಸ ಷೇರುಗಳನ್ನು, ಅಂದರೆ ಕಂಪನಿಯ ಶೇ 10ರಷ್ಟನ್ನು, 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೀರಿದ ಮೊತ್ತಕ್ಕೆ ಕೊಂಡುಕೊಂಡಿತು.

ಖಜಾನೆ ಸಚಿವ ಡಾನ್ ಪೋಲ್ಯೆ ಇದನ್ನು ವಿರೋಧಿಸಿದರು. 2014ರ ಮಾರ್ಚ್‌ನಲ್ಲಿ ಓನೀಲ್ ಪೋಲ್ಯೆಯವರಿಂದ ಆ ಖಾತೆ ಕಿತ್ತು, ತಾವೇ ವಹಿಸಿಕೊಂಡರು, ಸಾಲ ಮುಂದುವರಿಯಿತು. ಅದೇ ವರ್ಷದ ಜೂನ್‌ನಲ್ಲಿ ಸಂಪುಟದಿಂದ ಹೊರಬಿದ್ದ ಮತ್ತೊಬ್ಬರು ಆಗಿನ ಅಟಾರ್ನಿ ಜನರಲ್ ಕೆರೆಂಗಾ ಕುವಾ. ವರ್ಷದ ಕೊನೆಗೆ ತೈಲ ಬೆಲೆ ಕುಸಿಯಿತು, ಷೇರು ಬೆಲೆಯೂ ಇಳಿಯಿತು, 2017ರಲ್ಲಿ ಸರ್ಕಾರ ಆ ಷೇರುಗಳನ್ನು ನಷ್ಟದಲ್ಲಿ ಕೈಬಿಟ್ಟಿತು.

ಈ ಪ್ರಸಂಗವನ್ನು ಹೂಡಿಕೆದಾರರು ಸಾಮಾನ್ಯವಾಗಿ ನೇಮಕದ ಅಪಾಯ ಎಂಬ ಲೆಕ್ಕದಲ್ಲಿ ಸೇರಿಸುವುದೇ ಇಲ್ಲ. ಸಚಿವರೊಬ್ಬರನ್ನು ತೆಗೆದದ್ದರಿಂದ ವ್ಯವಹಾರ ಸುಗಮವಾದರೆ ಅದನ್ನು ಸ್ಥಿರತೆ ಎನ್ನುತ್ತಾರೆ, ಸಚಿವರೊಬ್ಬರು ಬಂದದ್ದರಿಂದ ವ್ಯವಹಾರ ತಡವಾದರೆ ಅಸ್ಥಿರತೆ ಎನ್ನುತ್ತಾರೆ. ಇದು ತಪ್ಪು ಲೆಕ್ಕವೆಂದೇ ನನ್ನ ಅಭಿಪ್ರಾಯ. ಖಾತೆ ಬದಲಾವಣೆಯ ನೆರಳಿನಲ್ಲಿ ಪಡೆದ ಅನುಕೂಲವೊಂದು ಮುಂದೆ ಖಾತೆ ಬದಲಾದಾಗ ಪ್ರಶ್ನೆಯಾಗಿ ತಿರುಗಿ ಬರುತ್ತದೆ. 2019ರಲ್ಲಿ ಮರಾಪೆ ಸರ್ಕಾರ ಯುಬಿಎಸ್ ಸಾಲದ ಬಗ್ಗೆ ವಿಚಾರಣಾ ಆಯೋಗ ನೇಮಿಸುವ ನಿರ್ಧಾರ ಕೈಗೊಂಡಿತು. ಮಾಜಿ ಮುಖ್ಯ ನ್ಯಾಯಮೂರ್ತಿ ಸಲಾಮೋ ಇಂಜಿಯಾ ಅದರ ಮುಖ್ಯಸ್ಥರಾದರು. ಆಯಿಲ್ ಸರ್ಚ್ ತನ್ನ ಹೊಸ ಯೋಜನೆಗೆ ಸರ್ಕಾರದ ಒಪ್ಪಿಗೆ ಬೇಡುತ್ತಿದ್ದ ಹೊತ್ತಿನಲ್ಲೇ ಅದರ ಹಳೆಯ ವ್ಯವಹಾರವೊಂದು ಅದೇ ಸರ್ಕಾರದ ವಿಚಾರಣೆಯ ವಿಷಯವಾಗಿತ್ತು. ಮರಾಪೆ 2014ರಲ್ಲಿ ಓನೀಲ್ ಸಂಪುಟದ ಹಣಕಾಸು ಸಚಿವರಾಗಿಯೇ ಇದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಖಜಾನೆ ಮತ್ತು ಹಣಕಾಸು ಅಲ್ಲಿ ಬೇರೆ ಬೇರೆ ಖಾತೆಗಳು.

ಎರಡು ಒಪ್ಪಂದ, ಒಂದು ಕೀಲು

2019ರಲ್ಲಿ ಕಂಪನಿಗಳ ಮುಂದಿದ್ದ ಯೋಜನೆಯ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನೇಮಕದ ಪೆಟ್ಟು ಬಿದ್ದದ್ದು ಆ ರಚನೆಯ ಕೀಲಿನ ಮೇಲೆ. ಅನಿಲವನ್ನು ತಣಿಸಿ ದ್ರವವಾಗಿಸುವ ಘಟಕವನ್ನು ಉದ್ಯಮದವರು ‘ಟ್ರೈನ್’ ಎನ್ನುತ್ತಾರೆ. ಈಗಾಗಲೇ ಎರಡು ಟ್ರೈನ್‌ಗಳಿದ್ದ ಕಾರ್ಖಾನೆಯ ಆವರಣದಲ್ಲೇ ತಲಾ 27 ಲಕ್ಷ ಟನ್ ವಾರ್ಷಿಕ ಸಾಮರ್ಥ್ಯದ ಮೂರು ಹೊಸ ಟ್ರೈನ್‌ಗಳನ್ನು ನಿಲ್ಲಿಸುವುದು ಉದ್ದೇಶ. ಎರಡು ಟ್ರೈನ್‌ಗಳಿಗೆ ಟೋಟಲ್ ನೇತೃತ್ವದ ಎಲ್ಕ್-ಆಂಟಲೋಪ್ ಅನಿಲ. ಮೂರನೆಯದಕ್ಕೆ ಹಳೆಯ ಕ್ಷೇತ್ರಗಳ ಜೊತೆಗೆ ಎಕ್ಸಾನ್‌ಮೊಬಿಲ್ ನೇತೃತ್ವದ, ವೆಸ್ಟರ್ನ್ ಪ್ರಾಂತ್ಯದ ಪಿನ್ಯಾಂಗ್ ಕ್ಷೇತ್ರದ ಅನಿಲ. ಮೂರನ್ನೂ ಒಟ್ಟಿಗೆ ಕಟ್ಟಿದರೆ ಜೆಟ್ಟಿ, ಟ್ಯಾಂಕು, ವಿದ್ಯುತ್, ಕಾರ್ಮಿಕರ ವಸತಿ ಎಲ್ಲವೂ ಹಂಚಿಹೋಗುವುದರಿಂದ ಖರ್ಚು ಗಣನೀಯವಾಗಿ ಇಳಿಯುತ್ತಿತ್ತು.

ಹೀಗೆ ಒಟ್ಟಿಗೆ ಕಟ್ಟುವುದರಲ್ಲಿ ಉಳಿತಾಯವೂ ಇತ್ತು, ಅಪಾಯವೂ ಇತ್ತು. ಒಂದೊಂದು ಕ್ಷೇತ್ರಕ್ಕೂ ಸರ್ಕಾರದೊಂದಿಗೆ ಪ್ರತ್ಯೇಕ ಅನಿಲ ಒಪ್ಪಂದ ಬೇಕು. ಏಪ್ರಿಲ್‌ನಲ್ಲಿ ಸಹಿಯಾದದ್ದು ಪಪುವಾ ಎಲ್‌ಎನ್‌ಜಿಯದು ಮಾತ್ರ, ಪಿನ್ಯಾಂಗ್‌ನದು ಬಾಕಿಯಿತ್ತು. ಪಿನ್ಯಾಂಗ್ ನಿಂತರೆ ಮೂರು ಟ್ರೈನ್‌ಗಳ ಲೆಕ್ಕಾಚಾರವೇ ನಿಲ್ಲುತ್ತದೆ. ಹೊಸ ಸಚಿವರಿಗೆ ಸಹಿಯಾದ ಒಪ್ಪಂದವನ್ನು ಮುಟ್ಟದೆಯೇ, ಸಹಿಯಾಗದ ಒಪ್ಪಂದದ ಮೂಲಕ ಇಡೀ ವಿಸ್ತರಣೆಯ ಮೇಲೆ ಹಿಡಿತ ಸಿಕ್ಕಿತು. ಹಣ ನೆಲದಲ್ಲಿ ಹೂತ ಮೇಲೆ ಕಂಪನಿ ಎದ್ದು ಹೋಗಲಾರದು, ಹೂಳುವ ಮುನ್ನ ಹೋಗಬಲ್ಲದು. ಸರ್ಕಾರಕ್ಕೂ ಹೆಚ್ಚಿನ ಪಾಲು ಕೇಳಲು ಅದೇ ಕೊನೆಯ ಸಕಾಲ. ಮರಾಪೆ ಮತ್ತು ಕುವಾ ಅಧಿಕಾರಕ್ಕೆ ಬಂದದ್ದು ಸರಿಯಾಗಿ ಆ ಸಂಧಿಕಾಲದಲ್ಲಿ.

2019ರ ಆಗಸ್ಟ್‌ನಲ್ಲಿ ಕುವಾ ನೇತೃತ್ವದ ತಂಡ ಪಪುವಾ ಎಲ್‌ಎನ್‌ಜಿ ಷರತ್ತುಗಳನ್ನು ಮತ್ತೆ ಚರ್ಚಿಸಲು ಸಿಂಗಪುರಕ್ಕೆ ಹೋಗಿ ಟೋಟಲ್ ಅಧಿಕಾರಿಗಳ ಎದುರು ಕುಳಿತಿತು. ಸೆಪ್ಟೆಂಬರ್ ಆರಂಭದಲ್ಲಿ ಸರ್ಕಾರವು, ಕೆಲವು ಸಣ್ಣ ರಿಯಾಯಿತಿಗಳೊಂದಿಗೆ ಹಳೆಯ ಒಪ್ಪಂದವನ್ನೇ ಗೌರವಿಸುವುದಾಗಿ ಪ್ರಕಟಿಸಿತು. ಇದನ್ನು ಹಿಂಜರಿಕೆ ಎಂದು ಕೆಲವರು ಟೀಕಿಸಿದರೂ, ನನಗೆ ಇದು ಪ್ರಕರಣದ ಅತ್ಯಂತ ಅರ್ಥಪೂರ್ಣ ಘಟ್ಟವಾಗಿ ಕಾಣುತ್ತದೆ. ಆ ಒಪ್ಪಂದದ ವಿರುದ್ಧವೇ ಸಂಪುಟ ತೊರೆದ ವ್ಯಕ್ತಿ, ಪ್ರಧಾನಿಯಾದ ಮೂರು ತಿಂಗಳಲ್ಲಿ ಅದನ್ನು ಎತ್ತಿಹಿಡಿಯಬೇಕಾಯಿತು. ಸಹಿಯ ಬಲ ಎಷ್ಟು ಎಂಬುದು ಅಲ್ಲಿ ತಿಳಿಯಿತು. ಆದರೆ ಅಲ್ಲಿ ಪಡೆಯಲಾಗದ್ದನ್ನು ಪಿನ್ಯಾಂಗ್‌ನಲ್ಲಿ ಪಡೆದೇ ತೀರಬೇಕೆಂಬ ಒತ್ತಡವೂ ಸರ್ಕಾರದ ಮೇಲೆ ಅಲ್ಲಿಂದಲೇ ಬಿತ್ತು. ‘ಟೇಕ್ ಬ್ಯಾಕ್ ಪಿಎನ್‌ಜಿ’ (ಪಪುವಾ ನ್ಯೂಗಿನಿಯನ್ನು ಮರಳಿ ಪಡೆಯೋಣ) ಎಂಬ ಘೋಷಣೆಯೊಂದಿಗೆ ಬಂದವರು ಎರಡನೆಯ ಬಾರಿಯೂ ಬರಿಗೈಯಲ್ಲಿ ಮರಳುವಂತಿರಲಿಲ್ಲ.

2020ರ ಜನವರಿ 31ರಂದು ಪಿನ್ಯಾಂಗ್ ಮಾತುಕತೆ ಒಪ್ಪಂದವಿಲ್ಲದೆ ಮುಗಿಯಿತೆಂದು ಮರಾಪೆ ಪ್ರಕಟಿಸಿದರು. ಎಕ್ಸಾನ್‌ಮೊಬಿಲ್ ಸರ್ಕಾರದ ಷರತ್ತುಗಳಿಗೆ ಮಣಿಯಲಿಲ್ಲ ಎಂಬುದು ಅವರ ದೂರು. ವಾರಾಂತ್ಯ ಕಳೆದು ಆಸ್ಟ್ರೇಲಿಯದ ಷೇರುಪೇಟೆ ತೆರೆದಾಗ ಆಯಿಲ್ ಸರ್ಚ್ ಷೇರು ಕುಸಿಯಿತು. ಏಪ್ರಿಲ್‌ನಲ್ಲಿ ಸರ್ಕಾರ ಪೋರ್ಗೇರಾ ಚಿನ್ನದ ಗಣಿಯ ಗುತ್ತಿಗೆಯನ್ನು ಬ್ಯಾರಿಕ್ ಕಂಪನಿಗೆ ನವೀಕರಿಸಲು ನಿರಾಕರಿಸಿದಾಗ, ಅನಿಲ ಕಂಪನಿಗಳಿಗೂ ಅದೊಂದು ಸಂದೇಶವಾಗಿ ತಲುಪಿತು.

ಭಾರ ಯಾರ ಮೇಲೆ

ಈಗ ಮೂವರು ಪಾಲುದಾರರನ್ನು ಅಕ್ಕಪಕ್ಕ ಇಟ್ಟು ನೋಡೋಣ. ಸರ್ಕಾರ ತನ್ನ ಶೇ 22.5ರ ಪಾಲನ್ನು ತೆಗೆದುಕೊಂಡ ಮೇಲೆ ಪಪುವಾ ಎಲ್‌ಎನ್‌ಜಿಯಲ್ಲಿ ಟೋಟಲ್‌ಗೆ ಶೇ 31.1, ಎಕ್ಸಾನ್‌ಮೊಬಿಲ್‌ಗೆ ಶೇ 28.3, ಆಯಿಲ್ ಸರ್ಚ್‌ಗೆ ಶೇ 17.7 ಉಳಿಯುತ್ತಿತ್ತು. ಪಾಲಿನ ಲೆಕ್ಕದಲ್ಲಿ ಆಯಿಲ್ ಸರ್ಚ್ ಚಿಕ್ಕದು. ಆದರೆ ಟೋಟಲ್ ಮತ್ತು ಎಕ್ಸಾನ್‌ಮೊಬಿಲ್ ಹತ್ತಾರು ದೇಶಗಳಲ್ಲಿ ವ್ಯವಹರಿಸುವ ಸಂಸ್ಥೆಗಳು. ಪೋರ್ಟ್ ಮೋರ್ಸ್‌ಬಿಯಲ್ಲಿ ತಡವಾದರೆ ತಮ್ಮ ಎಂಜಿನಿಯರ್‌ಗಳನ್ನೂ ಬಂಡವಾಳವನ್ನೂ ಮೊಜಾಂಬಿಕ್‌ಗೋ ಗಯಾನಾಕ್ಕೋ ತಿರುಗಿಸಬಲ್ಲವು. 1929ರಲ್ಲಿ ಪಪುವಾದಲ್ಲೇ ಸ್ಥಾಪನೆಯಾದ ಆಯಿಲ್ ಸರ್ಚ್‌ಗೆ ಆ ದೇಶವೇ ಅಂಗಳ, ಅದೇ ಮನೆ. ಪಿಎನ್‌ಜಿ ಎಲ್‌ಎನ್‌ಜಿಯ ಶೇ 29ರ ಪಾಲು ಅದರ ಆದಾಯದ ಮೂಲ. ಅಲಾಸ್ಕದ ಪಿಕ್ಕಾ ತೈಲ ಕ್ಷೇತ್ರ ಇನ್ನೂ ಹಣ ಬೇಡುವ ಹಂತದಲ್ಲಿತ್ತು. ಆಯಿಲ್ ಸರ್ಚ್ ಷೇರು ಕೊಂಡವರು ಕೊಂಡದ್ದು ಬಹುಮಟ್ಟಿಗೆ ಅನಿಲದ ಭವಿಷ್ಯವನ್ನು, ಮತ್ತು ಆ ಭವಿಷ್ಯದ ಬೀಗದ ಕೈ ಒಬ್ಬ ಸಚಿವರ ಮೇಜಿನ ಮೇಲಿತ್ತು.

2020ರ ಮಾರ್ಚ್‌ನಲ್ಲಿ ಕೋವಿಡ್ ಮತ್ತು ತೈಲ ಬೆಲೆಯ ಕುಸಿತ ಒಟ್ಟಿಗೆ ಬಂದವು. ಏಪ್ರಿಲ್‌ನಲ್ಲಿ ಆಯಿಲ್ ಸರ್ಚ್ ಷೇರೊಂದಕ್ಕೆ 2.10 ಆಸ್ಟ್ರೇಲಿಯನ್ ಡಾಲರ್‌ನಂತೆ ಹೊಸ ಷೇರುಗಳನ್ನು ಮಾರಿ ಸುಮಾರು 70 ಕೋಟಿ ಅಮೆರಿಕನ್ ಡಾಲರ್ ಸಂಗ್ರಹಿಸಿತು. ಆರು ವರ್ಷಗಳ ಹಿಂದೆ ಪಪುವಾ ನ್ಯೂಗಿನಿ ಸರ್ಕಾರ ಅದೇ ಕಂಪನಿಯ ಷೇರಿಗೆ 8.20 ಡಾಲರ್ ಕೊಟ್ಟಿತ್ತೆಂಬುದನ್ನು ನೆನೆದರೆ ಹಳೆಯ ಷೇರುದಾರರ ಪಾಲು ಎಷ್ಟು ತೆಳುವಾಯಿತೆಂದು ಗೊತ್ತಾಗುತ್ತದೆ.

ಈ ಕುಸಿತವನ್ನೆಲ್ಲ ಮರಾಪೆ ಅಥವಾ ಕುವಾ ಅವರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆ ವಸಂತದಲ್ಲಿ ಜಗತ್ತಿನ ಎಲ್ಲ ತೈಲ ಕಂಪನಿಗಳ ಷೇರುಗಳೂ ಬಿದ್ದವು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಪಿನ್ಯಾಂಗ್ ಮಾತುಕತೆ ಜನವರಿಯಲ್ಲಿ ಫಲಿಸಿ, ಕಂಪನಿ ದೊಡ್ಡ ನಿರ್ಮಾಣ ಒಪ್ಪಂದಗಳಿಗೆ ಕೈಹಾಕಿದ್ದರೆ, ಮಾರ್ಚ್‌ನ ಬಿರುಗಾಳಿ ಅದನ್ನು ಭಾರೀ ಬದ್ಧತೆಗಳ ನಡುವೆ ಹಿಡಿಯುತ್ತಿತ್ತು. ತಡವಾದದ್ದೇ ಅದನ್ನು ಒಂದು ಮಟ್ಟಿಗೆ ಉಳಿಸಿತು ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ತಡದ ನಿಜವಾದ ಬೆಲೆ ಬೇರೆ ಕಡೆ ಕಾಣುತ್ತದೆ. ಬೆಳವಣಿಗೆಯ ಭರವಸೆ ಕೈಯಲ್ಲಿದ್ದಿದ್ದರೆ ಕಂಪನಿ ಒಂಟಿಯಾಗಿ ನಿಲ್ಲಬಹುದಿತ್ತು; ಅದು ಇಲ್ಲದಾಗ ದೊಡ್ಡವರ ಜೊತೆ ಸೇರುವುದೇ ದಾರಿಯಾಯಿತು. 2021ರ ಡಿಸೆಂಬರ್‌ನಲ್ಲಿ ಆಯಿಲ್ ಸರ್ಚ್ ಆಸ್ಟ್ರೇಲಿಯದ ಸ್ಯಾಂಟೋಸ್ ಕಂಪನಿಯಲ್ಲಿ ವಿಲೀನವಾಯಿತು. ಅದರ ಒಂದೊಂದು ಷೇರಿಗೆ ಸ್ಯಾಂಟೋಸ್‌ನ 0.6275 ಷೇರು ಸಿಕ್ಕಿತು.

ಮುನ್ಸೂಚನೆಗಳಿದ್ದವೇ?

ಇದ್ದವು, ಮತ್ತು ಅವು ಗುಟ್ಟಾಗಿರಲಿಲ್ಲ. ಹೂಡಿಕೆದಾರರಿಗಾಗಿ ಬರೆಯುವ ವರದಿಗಳಲ್ಲಿ ನಿಕ್ಷೇಪದ ಗಾತ್ರಕ್ಕೆ ಪುಟಗಟ್ಟಲೆ ಜಾಗ ಸಿಗುತ್ತದೆ. ಸಚಿವರ ಹಿನ್ನೆಲೆಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಮರಾಪೆ ಯಾವ ಪ್ರಾಂತ್ಯದವರು, ಆ ಪ್ರಾಂತ್ಯದ ಜನಕ್ಕೆ ರಾಜಧನ ಬಂದಿದೆಯೇ ಎಂಬ ಎರಡು ಪ್ರಶ್ನೆಗಳು ಸಾಕಾಗಿದ್ದವು. ಕುವಾ ಅವರನ್ನು ಓನೀಲ್ ಸಂಪುಟದಿಂದ ಹೊರಹಾಕಿದ್ದು ಎಲ್ಲರಿಗೂ ತಿಳಿದಿತ್ತು. ಕರಾರುಗಳನ್ನು ಸಾಲು ಸಾಲಾಗಿ ಓದುವ ವಕೀಲರೊಬ್ಬರು ಓನೀಲ್ ಕಾಲದ ಕರಾರನ್ನು ಹೇಗೆ ಓದಿಯಾರು ಎಂದು ಊಹಿಸುವುದೂ ಕಷ್ಟವಿರಲಿಲ್ಲ.

ಇನ್ನೊಂದು ಸೂಚನೆ ಸಂವಿಧಾನದಲ್ಲೇ ಇದೆ. ಪಪುವಾ ನ್ಯೂಗಿನಿಯಲ್ಲಿ ಪ್ರಧಾನಿ ಆಯ್ಕೆಯಾದ ಮೊದಲ 18 ತಿಂಗಳು ಅವಿಶ್ವಾಸ ಗೊತ್ತುವಳಿ ತರುವಂತಿಲ್ಲ. ಆ ಅವಧಿ ಮುಗಿಯುತ್ತಿದ್ದಂತೆ ಸಂಸದರ ಪಕ್ಷಾಂತರ ಶುರುವಾಗುವುದು ಅಲ್ಲಿನ ರೂಢಿ, ಮತ್ತು ಸಂಖ್ಯೆ ಹೊಂದಿಸಲು ಪ್ರಧಾನಿಯ ಬಳಿ ಇರುವ ಮುಖ್ಯ ನಾಣ್ಯವೆಂದರೆ ಸಚಿವ ಖಾತೆಗಳು. ಓನೀಲ್ ಸರ್ಕಾರ ಈ ರಕ್ಷಣೆ ಮುಗಿದ ಮೇಲೆಯೇ 2019ರಲ್ಲಿ ಬಿದ್ದಿತು. ಮರಾಪೆ ಅವರ 18 ತಿಂಗಳು 2020ರ ನವೆಂಬರ್ ಕೊನೆಗೆ ಮುಗಿಯುವ ಹೊತ್ತಿಗೆ ಅವರ ಸಚಿವರೇ ಹಲವರು ವಿರೋಧ ಪಕ್ಷದ ಸಾಲಿಗೆ ಹೋಗಿ ಕುಳಿತರು. ಅವರು ಹೇಗೋ ಉಳಿದುಕೊಂಡರು. ಆಮೇಲಷ್ಟೇ ಕೆಲಸ ಸಾಗಿತು: 2021ರ ಫೆಬ್ರುವರಿಯಲ್ಲಿ ಪಪುವಾ ಎಲ್‌ಎನ್‌ಜಿಗೆ ತೆರಿಗೆ ಸ್ಥಿರತೆಯ ಒಪ್ಪಂದ, 2022ರ ಫೆಬ್ರುವರಿಯಲ್ಲಿ ಪಿನ್ಯಾಂಗ್‌ನ ಅನಿಲ ಒಪ್ಪಂದ. ಅನಿಲ ಯೋಜನೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ 18 ತಿಂಗಳ ಗಡಿಯಾರವನ್ನೂ ಇಟ್ಟು ನೋಡುವ ಹೂಡಿಕೆದಾರನಿಗೆ, ಯಾವ ತಿಂಗಳ ಸಹಿ ಗಟ್ಟಿ, ಯಾವ ತಿಂಗಳದು ಟೊಳ್ಳು ಎಂಬ ಅಂದಾಜಾದರೂ ಸಿಗುತ್ತಿತ್ತು. ಅವಿಶ್ವಾಸದ ಗಾಳಿ ಬೀಸಲು ತೊಡಗಿದ್ದ 2019ರ ಏಪ್ರಿಲ್‌ನಲ್ಲಿ, ಭೂಮಾಲೀಕರ ಹಳೆಯ ಬಾಕಿ ಹಾಗೆಯೇ ಇರುವಾಗ, ತರಾತುರಿಯಲ್ಲಿ ಸಹಿ ಮಾಡಿಸಿಕೊಂಡದ್ದು ಕಂಪನಿಗಳ ಲೆಕ್ಕಾಚಾರದ ದೋಷವೆಂದೇ ನನಗೆ ತೋರುತ್ತದೆ.

ಇಷ್ಟೆಲ್ಲ ನಡೆದರೂ ಹಳೆಯ ಯೋಜನೆಗೆ ಬಿಸಿ ತಟ್ಟಲಿಲ್ಲ ಎಂಬುದನ್ನು ದಾಖಲಿಸಲೇಬೇಕು. ಮಾತುಕತೆ ಮುರಿದ ತಿಂಗಳುಗಳಲ್ಲೂ ಪಿಎನ್‌ಜಿ ಎಲ್‌ಎನ್‌ಜಿಯ ಹಡಗುಗಳು ಹೊರಡುತ್ತಲೇ ಇದ್ದವು. ನೇಮಕದ ಪರಿಣಾಮ ಮುಂದಿನ ಯೋಜನೆಗೆ ಸೀಮಿತವಾಗಿತ್ತು. ಭಾರತದ ಓಎನ್‌ಜಿಸಿ ವಿದೇಶ್, ಭಾರತ್ ಪೆಟ್ರೋಲಿಯಂ ಅಂಗಸಂಸ್ಥೆ ಮತ್ತು ಆಯಿಲ್ ಇಂಡಿಯಾ ಮೊಜಾಂಬಿಕ್‌ನ ರೊವುಮಾ ಅನಿಲ ಕ್ಷೇತ್ರದಲ್ಲಿ ಒಟ್ಟು ಶೇ 30ರಷ್ಟು ಪಾಲು ಹೊಂದಿವೆ. ಈ ಕಂಪನಿಗಳ ಷೇರು ಇಟ್ಟುಕೊಂಡಿರುವ ನಮ್ಮವರು ಅಲ್ಲಿನ ಸುದ್ದಿ ಓದುವಾಗಲೂ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಹರಿಯುತ್ತಿರುವ ಅನಿಲಕ್ಕೆ ತಟ್ಟುವ ಅಪಾಯ ಬೇರೆ, ಇನ್ನೂ ನೆಲದಡಿ ಇರುವ ಅನಿಲಕ್ಕೆ ತಟ್ಟುವುದು ಬೇರೆ.

ಪಪುವಾ ಎಲ್‌ಎನ್‌ಜಿಯ ವಿವರವಾದ ವಿನ್ಯಾಸದ ಕೆಲಸ 2023ರ ಮಾರ್ಚ್‌ನಲ್ಲಿ ಆರಂಭವಾಯಿತು. ಅಷ್ಟು ಹೊತ್ತಿಗೆ ಯೋಜನೆಯ ರೂಪವೇ ಬದಲಾಗಿತ್ತು: ಹೊಸ ಟ್ರೈನ್‌ಗಳ ಜೊತೆಗೆ ಹಳೆಯ ಕಾರ್ಖಾನೆಯ ಸಾಮರ್ಥ್ಯವನ್ನೂ ಬಳಸುವುದೆಂದಾಯಿತು. 2024ರಲ್ಲಿ ಗುತ್ತಿಗೆದಾರರು ಕೇಳಿದ ದರ ವಿಪರೀತವೆಂದು ಟೋಟಲ್‌ಎನರ್ಜೀಸ್ (ಟೋಟಲ್ ಕಂಪನಿಯ ಹೊಸ ಹೆಸರು) ಅಂತಿಮ ಹೂಡಿಕೆ ನಿರ್ಧಾರವನ್ನು 2025ಕ್ಕೆ ಮುಂದೂಡಿತು. ಆ ವರ್ಷವೂ ನಿರ್ಧಾರವಾಗದೆ ಕಳೆಯಿತು. ಈ ಬಾರಿ ತಡೆದದ್ದು ಯಾವ ಸಚಿವರೂ ಅಲ್ಲ, ನಿರ್ಮಾಣದ ವೆಚ್ಚ. ಮರಾಪೆ ಇನ್ನೂ ಪ್ರಧಾನಿಯಾಗಿದ್ದರು, ಮತ್ತು ಒಮ್ಮೆ ಷರತ್ತು ಬಿಗಿಗೊಳಿಸಲು ಸಂಪುಟ ತೊರೆದ ಅವರು ಈಗ ಯೋಜನೆ ಶುರುವಾಗಲೆಂದು ಕಾಯುವವರ ಸಾಲಿನಲ್ಲಿದ್ದರು.